ಏಳುನೂರ ಹತ್ತನೇ ಸಾಲು

ಫ್ಲಾವಿಯಾ ಪಿಂಟೊ ಓದದೆ ಸಹಿ ಹಾಕುವ ಹೆಂಗಸಲ್ಲ. ಕೊಟ್ಟಾರದ ಹೆದ್ದಾರಿ ಬದಿಯಲ್ಲಿ, ಟಯರ್ ಅಂಗಡಿಯ ಮಾಳಿಗೆಯ ಮೇಲೆ ಅವಳ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಅಲ್ಲಿಗೆ ಬರುವ ಹುಡುಗಿಯರ ಪರೀಕ್ಷೆಯ ಅರ್ಜಿಯನ್ನು ಎರಡು ಸಲ ಓದುತ್ತಿದ್ದಳು. ಇಗರ್ಜಿಯ ಪಾದ್ರಿಗಳಿಂದ ಬಂದ ಸುತ್ತೋಲೆಯಲ್ಲೂ ಕೆಂಪು ಪೆನ್ನಿನಿಂದ ತಪ್ಪು ತಿದ್ದಿ ವಾಪಸು ಕಳಿಸಿದ್ದಳು ಎಂದು ಊರು ನಗುತ್ತಿತ್ತು. ಅಂಥವಳು 1988ರ ಮೇ ತಿಂಗಳ ಒಂದು ಸೋಮವಾರ ಓದದೆ ಒಂದು ಸಹಿ ಹಾಕಿದಳು. ಯಾವುದಕ್ಕೆ ಹಾಕಿದೆ ಎಂದು ಅವಳಿಗೆ ತಿಳಿದದ್ದು ಶನಿವಾರ ಬೆಳಿಗ್ಗೆ.

ಅವಳಿಗೆ ಆಗ ನಲವತ್ತಮೂರು. ಮದುವೆಯಾಗಿರಲಿಲ್ಲ. ಮೂರು ವರ್ಷದ ಹಿಂದೆ ಕುವೈತಿನಲ್ಲಿದ್ದ ಅಣ್ಣ ಯೂಸ್ಟೇಸ್ ರಜೆಗೆ ಬರುವಾಗ ಒಂದು ಕಂಪ್ಯೂಟರ್ ತಂದುಕೊಟ್ಟಿದ್ದ. ಜತೆಗೆ ಬಂದ ದಪ್ಪ ಪುಸ್ತಕವನ್ನು ಅವಳು ಮಗ್ಗಿ ಕಲಿತಂತೆ ಕಲಿತಳು. ಬೇಸಿಕ್ ಎಂಬ ಆ ಭಾಷೆಯಲ್ಲಿ ಪ್ರತಿ ಸಾಲಿಗೂ ಒಂದು ನಂಬರ್ ಇರುತ್ತದೆ; ಯಂತ್ರ ನಂಬರಿನ ಕ್ರಮದಲ್ಲಿ ಸಾಲುಗಳನ್ನು ಓದಿಕೊಂಡು ಹೋಗುತ್ತದೆ. ಶಿಸ್ತಿನ ಹೆಂಗಸಿಗೆ ಶಿಸ್ತಿನ ಭಾಷೆ ಸಿಕ್ಕಿತು.

ಕಂಪ್ಯೂಟರ್ ಇದ್ದವರು ಆಗ ಮಂಗಳೂರಿನಲ್ಲಿ ಬೆರಳೆಣಿಕೆಯಷ್ಟು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿ ಏಳು ಮಂದಿಯ ಒಂದು ಕೂಟವಾಯಿತು. ಕೂಟಕ್ಕೆ ಕಚೇರಿ ಇಲ್ಲ, ಅಧ್ಯಕ್ಷರಿಲ್ಲ, ಹಾರ ಶಾಲು ಇಲ್ಲ. ಇದ್ದದ್ದು ಒಂದು ನೋಟ್‌ಬುಕ್ಕು ಮತ್ತು ಅಂಚೆಯಲ್ಲಿ ಹೋಗಿ ಬರುವ ಫ್ಲಾಪಿಗಳು. ಎಲ್ಲರೂ ಸೇರಿ ಒಂದೇ ಪ್ರೋಗ್ರಾಮ್ ಬರೆಯುವುದಾದರೆ ಜಗಳ ಬೇಡವೆಂದು ಫ್ಲಾವಿಯಾ ಸಾಲುಗಳನ್ನು ಗದ್ದೆ ಪಾಲು ಮಾಡಿದಂತೆ ಪಾಲು ಮಾಡಿದಳು. ನೂರರಿಂದ ಮುಂದಿನ ನೂರು ನಂಬರ್ ಅವಳದು, ಆರುನೂರು ಒಬ್ಬರದು, ಏಳುನೂರು ಇನ್ನೊಬ್ಬರದು. ಒಬ್ಬರ ಗದ್ದೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಬದಲಾಯಿಸಿದ ಸಾಲುಗಳನ್ನು ಅವಳಿಗೆ ಕಳಿಸಬೇಕು. ಅವಳು ನೋಡಿ, ಎಲ್ಲರದನ್ನೂ ಸೇರಿಸಿ, ಪರೀಕ್ಷೆ ಮಾಡಿ, ನೋಟ್‌ಬುಕ್ಕಿನಲ್ಲಿ ಸಹಿ ಹಾಕಿದ ಮೇಲೆಯೇ ಹೊಸ ಫ್ಲಾಪಿ ಹೊರಗೆ ಹೋಗುವುದು. ಪಡೀಲಿನ ಬ್ಯಾಂಕ್ ಗುಮಾಸ್ತ ಜಯಪಾಲ ಒಮ್ಮೆ ಬುದ್ಧಿ ತೋರಿಸಲು ಬೇರೆಯವರ ಸಾಲು ತಿದ್ದಿದ. ಮೂರು ತಿಂಗಳು ಅವನಿಗೆ ಫ್ಲಾಪಿ ಇಲ್ಲ. ‘ಟೀಚರ್, ನಾನೆಂತ ಶಾಲೆ ಮಗುವಾ?’ ಎಂದು ಪತ್ರ ಬರೆದ. ‘ಹೌದು’ ಎಂದು ಒಂದೇ ಶಬ್ದದ ಕಾರ್ಡು ಹೋಯಿತು.

ಆಟದ ಪ್ರೋಗ್ರಾಮುಗಳ ಕಾಲ ಮುಗಿದು ಕೆಲಸದ್ದು ಬಂದದ್ದು ಶಶಿಪ್ರಭಾ ಸಿಸ್ಟರಿಂದ. ಬಜಪೆಯ ಒಂದು ನರ್ಸಿಂಗ್ ಹೋಮಿನಲ್ಲಿದ್ದ ಅವಳು ಫ್ಲಾವಿಯಾಳ ಹಳೆಯ ವಿದ್ಯಾರ್ಥಿನಿ. ಮಕ್ಕಳಿಗೆ ಡ್ರಿಪ್ ಹಾಕುವಾಗ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕೆಂದು ತೂಕ ನೋಡಿ ಲೆಕ್ಕ ಹಾಕಬೇಕು. ಹೊಸ ದಾದಿಯರು ತಪ್ಪುತ್ತಾರೆ, ಕಂಪ್ಯೂಟರಿನಲ್ಲಿ ಆಗ್ತದಾ ಎಂದು ಕೇಳಿದಳು. ಆಯಿತು. ಆದರೆ ಹನಿ ಬಿಡುವ ನಳಿಗೆಯಲ್ಲಿ ಎರಡು ಬಗೆ: ಮಕ್ಕಳ ಸೆಟ್ಟಿನಲ್ಲಿ ಸಣ್ಣ ಹನಿ, ಮಾಮೂಲಿ ಸೆಟ್ಟಿನಲ್ಲಿ ಅದರ ಮೂರು ಪಾಲು ದೊಡ್ಡ ಹನಿ. ಫ್ಲಾವಿಯಾ ಸಣ್ಣ ಹನಿಯ ಲೆಕ್ಕವನ್ನೇ ಬರೆದಿದ್ದಳು. ಮಕ್ಕಳ ಸೆಟ್ ಮುಗಿದ ದಿನ ಎಂತ ಮಾಡುವುದು ಎಂದು ಯೋಚಿಸಿದವನು ಸಮದ್. ಬಂದರಿನಲ್ಲಿ ರೇಡಿಯೋ ರಿಪೇರಿ ಮಾಡುವ, ಏಳುನೂರರ ಗದ್ದೆಯ ಸಮದ್. ಏಳುನೂರ ಹತ್ತನೇ ಸಾಲಿನಲ್ಲಿ ಅವನು ಒಂದು ಪ್ರಶ್ನೆ ಹಾಕಿದ: ಕೈಯಲ್ಲಿರುವುದು ಯಾವ ಸೆಟ್? ಮಾಮೂಲಿ ಎಂದು ಒತ್ತಿದರೆ ಲೆಕ್ಕ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತಿತ್ತು. ಆಸ್ಪತ್ರೆಗಳು ಕೇಳಿ ಪಡೆಯತೊಡಗಿದವು.

ಈಗ ಚಿತ್ತರಂಜನ ಶೆಟ್ಟರ ವಿಷಯ. ಹಂಪನಕಟ್ಟೆಯ ಹತ್ತಿರ ಅವರದ್ದು ಪಂಪ್‌ಸೆಟ್ಟಿನ ಅಂಗಡಿ. ಕೂಟದ ಫ್ಲಾಪಿ ಅವರದು, ಅಂಚೆ ಖರ್ಚು ಅವರದು. ಒಳ್ಳೆಯ ಕೆಲಸಕ್ಕೆ ಕೊಡುವವರು ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮಲ್ಲಿ ಕೊಡುವವರ ಕೈ ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಹೆಸರು ಕೆತ್ತಿಸಲು ಕಲ್ಲು ಹುಡುಕುತ್ತಿರುತ್ತದೆ. ಶಾಲೆಯ ಬೆಂಚಿನ ಮೇಲೆ ಹೆಸರು, ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಹೆಸರು, ಕೊನೆಗೆ ಕಾಯಿಲೆಯ ಮಗುವಿನ ಡ್ರಿಪ್ಪಿನ ಮೇಲೂ ಹೆಸರು. ಶೆಟ್ಟರಿಗೆ ಪ್ರೋಗ್ರಾಮ್ ತೆರೆದ ಕೂಡಲೇ ತಮ್ಮ ಅಂಗಡಿಯ ಹೆಸರು ಚೌಕಟ್ಟಿನೊಳಗೆ ಹೊಳೆಯಬೇಕಿತ್ತು. ತಮ್ಮ ಪಾಲಿನ ಆರುನೂರರ ಗದ್ದೆಯಲ್ಲಿ ತಾವೇ ಬರೆದರು. ಸಾಲುಗಳು ಓರೆಕೋರೆ ಕಂಡವೆಂದು ಯಂತ್ರಕ್ಕೆ ಹೇಳಿ ನಂಬರುಗಳನ್ನು ಸಾಲಾಗಿ ಕೂರಿಸಿದರು. ಆರುನೂರರಿಂದ ಹತ್ತು ಹತ್ತು ಬಿಟ್ಟು ಹನ್ನೆರಡು ಸಾಲು. ಹನ್ನೆರಡನೆಯದು, ಚೌಕಟ್ಟಿನ ಕೆಳಗಿನ ಗೆರೆ, ಹೋಗಿ ಕೂತದ್ದು ಏಳುನೂರ ಹತ್ತರಲ್ಲಿ.

ಸೋಮವಾರ ಬೆಳಿಗ್ಗೆ ಅವರು ಇನ್‌ಸ್ಟಿಟ್ಯೂಟಿನ ಕೆಳಗೆ ಕಾರಿನ ಇಂಜಿನ್ ನಿಲ್ಲಿಸದೆ ಮೇಲೆ ಬಂದಿದ್ದರು. ಬಜಪೆಯ ನರ್ಸಿಂಗ್ ಹೋಮ್ ಅವರ ಭಾವನದು. ಆ ದಿನ ಅಲ್ಲಿ ಮಕ್ಕಳ ವಾರ್ಡಿನ ಉದ್ಘಾಟನೆ.

‘ಬೇಗ ಸೇರಿಸಿ ಕೊಡಿ ಬಾಯಮ್ಮ. ಹನ್ನೊಂದಕ್ಕೆ ರಿಬ್ಬನ್ ಕಟ್.’

‘ಪರೀಕ್ಷೆ ಮಾಡ್ಬೇಕು ಶೆಟ್ರೇ. ಅರ್ಧ ಗಂಟೆ ಕೂತ್ಕೊಳ್ಳಿ.’

‘ಎಂತ ಪರೀಕ್ಷೆ ಮಾರಾಯ್ರೆ, ಒಂದು ಚಿತ್ರ ಅಷ್ಟೇ ಅಲ್ವಾ! ಲೆಕ್ಕಕ್ಕೆ ನಾನು ಕೈ ಹಾಕಿದ್ದುಂಟಾ?’

ಫ್ಲಾಪಿಯ ಹೊಸ ಪೆಟ್ಟಿಗೆಯನ್ನೂ ಅವರು ಮೇಜಿನ ಮೇಲೆ ಇಟ್ಟಿದ್ದರು. ಅವಳು ಸೇರಿಸಿದಳು. ಒಂದೇ ನಂಬರಿನ ಎರಡು ಸಾಲು ಬಂದರೆ ಯಂತ್ರ ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಸದ್ದಿಲ್ಲದೆ ಎಸೆಯುತ್ತದೆ. ಬಯ್ಯುವುದಿಲ್ಲ, ಕೇಳುವುದಿಲ್ಲ. ಚೌಕಟ್ಟು ಚಂದ ಕಂಡಿತು. ಹನ್ನೊಂದನೇ ಫ್ಲಾಪಿ ಎಂದು ನೋಟ್‌ಬುಕ್ಕಿನಲ್ಲಿ ಸಹಿ ಬಿತ್ತು. ಒಂದು ಫ್ಲಾಪಿ ಕಾರಿನಲ್ಲಿ ಹೋಯಿತು, ಐದು ಆ ವಾರದೊಳಗೆ ಅಂಚೆಗೆ.

ಶನಿವಾರ ಸಮದ್ ಮೆಟ್ಟಿಲು ಹಾರಿಕೊಂಡು ಬಂದ. ಕೈಯಲ್ಲಿ ಅವನಿಗೆ ಅಂಚೆಯಲ್ಲಿ ಬಂದ ಪ್ರತಿ.

‘ಟೀಚರ್, ನನ್ನ ಪ್ರಶ್ನೆ ಎಲ್ಲಿ?’

‘ಎಂತ ಪ್ರಶ್ನೆ?’

‘ಯಾವ ಸೆಟ್ ಅಂತ ಕೇಳೂದು. ತೂಕ ಕೇಳ್ತದೆ, ಸೀದಾ ಹನಿ ಹೇಳ್ತದೆ. ನೀವೇ ನೋಡಿ.’

ಅವಳು ನೋಡಿದಳು. ಏಳುನೂರ ಹತ್ತನ್ನು ಪರದೆಯ ಮೇಲೆ ತರಿಸಿದಳು. ಪ್ರಶ್ನೆ ಇದ್ದ ಜಾಗದಲ್ಲಿ ನಕ್ಷತ್ರಗಳ ಒಂದು ಗೆರೆ. ಟೈಪ್ ಮಾಡುತ್ತಿದ್ದ ಹುಡುಗಿಯರ ಯಂತ್ರಗಳ ಸದ್ದು ಎಲ್ಲೋ ದೂರದಿಂದ ಬಂದ ಹಾಗಾಯಿತು. ಪ್ರಶ್ನೆ ಇಲ್ಲದಿದ್ದರೆ ಯಂತ್ರ ಸಣ್ಣ ಹನಿಯ ಲೆಕ್ಕವನ್ನೇ ಕೊಡುತ್ತದೆ. ಕೈಯಲ್ಲಿ ಮಾಮೂಲಿ ಸೆಟ್ ಇದ್ದರೆ ಮಗುವಿಗೆ ಮೂರು ಪಾಲು ನೀರು. ಮೇ ತಿಂಗಳು, ವಾಂತಿ ಭೇದಿಯ ಕಾಲ. ಕಿಡ್ನಿ, ಶ್ವಾಸ, ಮಿದುಳು, ಅವಳಿಗೆ ವೈದ್ಯ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂತು.

ಕೆಳಗೆ ಟಯರ್ ಅಂಗಡಿಯ ಫೋನಿನಲ್ಲಿ ಬಜಪೆಯ ಲೈನ್ ಸಿಗಲಿಲ್ಲ. ಶೆಟ್ಟರ ಅಂಗಡಿ ಸಿಕ್ಕಿತು. ಅವರು ಪೂರ್ತಿ ಕೇಳಿದರು.

‘ನೋಡಿ ಬಾಯಮ್ಮ, ಗಡಿಬಿಡಿ ಮಾಡ್ಬೇಡಿ. ಮುಂದಿನ ಫ್ಲಾಪಿಯಲ್ಲಿ ಸರಿ ಮಾಡಿ ಕಳ್ಸಿ. ಯಾರಿಗೂ ಗೊತ್ತಾಗೂದಿಲ್ಲ.’

‘ಮಗುವಿಗೆ ಗೊತ್ತಾಗ್ತದೆ ಶೆಟ್ರೇ.’

‘ನನ್ನ ಹೆಸರು ಉಂಟು ಅದರ ಮೇಲೆ! ನೀವು ಊರಿಗೆಲ್ಲ ತಪ್ಪು ತಪ್ಪು ಅಂತ ಸಾರಿದ್ರೆ ನಾನು ಇನ್ನೊಂದು ಫ್ಲಾಪಿ ಕೊಡುವವನಲ್ಲ.’

ಕೊಡಲೂ ಇಲ್ಲ. ಮುಂದೆ ಪ್ರತಿಯೊಬ್ಬರೂ ತಮ್ಮ ಫ್ಲಾಪಿಯನ್ನು ತಾವೇ ವಾಪಸಿನ ಅಂಚೆಚೀಟಿ ಹಚ್ಚಿ ಕಳಿಸಿದರು, ಕೂಟ ನಡೆದೇ ನಡೆಯಿತು. ಆದರೆ ಆ ಕ್ಷಣ ಅವಳಿಗೆ ಕೂಟದ ನೆನಪೇ ಇರಲಿಲ್ಲ. ಫೋನ್ ಇಟ್ಟವಳು ಚಪ್ಪಲಿ ಬದಲಾಯಿಸದೆ ಸಮದನ ಸ್ಕೂಟರಿನ ಹಿಂದೆ ಕೂತಳು.

ದಾರಿಯುದ್ದಕ್ಕೂ ಅವಳು ಜಪಮಾಲೆ ಹಿಡಿಯಲಿಲ್ಲ, ಹಿಡಿಯಲು ಧೈರ್ಯವಾಗಲಿಲ್ಲ. ದೇವರ ಹತ್ತಿರ ಎಂತ ಕೇಳುವುದು? ಸೋಮವಾರ ಅರ್ಧ ಗಂಟೆಗಾಗಿ ಹಟ ಹಿಡಿದಿದ್ದರೆ ಸಾಕಿತ್ತು, ಅದೂ ದೇವರ ಹತ್ತಿರ ಅಲ್ಲ, ಶೆಟ್ಟರ ಹತ್ತಿರ. ಮರವೂರು ಸೇತುವೆಯ ಮೇಲೆ ಲಾರಿ ಅಡ್ಡ ನಿಂತಿತ್ತು. ‘ಹೋಗು, ಬದಿಯಲ್ಲಿ ಹೋಗು’ ಎಂದು ಸಮದನ ಬೆನ್ನಿಗೆ ಗುದ್ದಿದಳು. ‘ಇಬ್ಬರೂ ಹೊಳೆಗೆ ಬಿದ್ರೆ ಹೇಳ್ಳಿಕ್ಕೆ ಯಾರು ಹೋಗೂದು ಟೀಚರ್?’ ಎಂದ ಅವನು.

ಮಕ್ಕಳ ವಾರ್ಡಿನ ಬಾಗಿಲಲ್ಲಿ ಉದ್ಘಾಟನೆಯ ರಿಬ್ಬನ್ನಿನ ತುಂಡು ಇನ್ನೂ ನೇತಾಡುತ್ತಿತ್ತು. ಶಶಿಪ್ರಭಾ ಅವರನ್ನು ಕಂಡವಳೇ ಎದ್ದು ಬಂದಳು. ಮುಖ ಬಿಳಿಚಿತ್ತು.

‘ಟೀಚರ್, ನಾನೇ ಫೋನ್ ಮಾಡ್ತಾ ಇದ್ದೆ, ಲೈನ್ ಸತ್ತಿದೆ. ಮಕ್ಕಳ ಸೆಟ್ ಮುಗಿದಿತ್ತು. ನಿನ್ನೆ ಪಾಳಿಯ ಹುಡುಗಿ ಮಾಮೂಲಿದು ಹಾಕಿದ್ದಾಳೆ. ಏಳು ಕಿಲೋ ಮಗು, ಇಪ್ಪತ್ತೊಂಬತ್ತು ಹನಿ ಬಿಟ್ಟಿದ್ದಾಳೆ. ನಾನು ಬಂದು ನೋಡಿದ್ರೆ ಬಾಟ್ಲಿ ಖಾಲಿ, ಮಗುವಿನ ಕಣ್ಣು ಊದಿದೆ. ಕೇಳಿದ್ರೆ, ಕಂಪ್ಯೂಟರ್ ಹೇಳಿದ್ದು ಸಿಸ್ಟರ್ ಅಂತಾಳೆ.’

‘ಹತ್ತು ಬಿಡ್ಬೇಕಿತ್ತು’ ಎಂದಳು ಫ್ಲಾವಿಯಾ.

‘ಈಗ ನಿಲ್ಸಿದ್ದೇನೆ. ಡಾಕ್ಟ್ರು ಇಂಜೆಕ್ಷನ್ ಕೊಟ್ಟಿದ್ದಾರೆ. ಮೂತ್ರ ಹೋದ್ರೆ ಬದುಕ್ತದೆ. ಇಲ್ಲದಿದ್ರೆ…’

ಮಂಚದ ಮೇಲೆ ಎಂಟು ತಿಂಗಳ ಹೆಣ್ಣುಮಗು. ರೆಪ್ಪೆಗಳು ನೀರು ತುಂಬಿದ ಚೀಲದಂತೆ ಮುಚ್ಚಿದ್ದವು, ಉಸಿರಿನ ಜತೆ ಒಂದು ಗೊರಗೊರ ಸದ್ದು. ತಾಯಿ ಆಶಾಲತಾ ಒಂದು ಕೈಯನ್ನು ಮಗುವಿನ ಕೆಳಗಿನ ಬಟ್ಟೆಯಲ್ಲೇ ಇಟ್ಟುಕೊಂಡು ಕೂತಿದ್ದಳು. ಒದ್ದೆಯಾದರೆ ಮೊದಲು ಗೊತ್ತಾಗಬೇಕಾದ ಕೈ ಅದು. ಫ್ಲಾವಿಯಾ ಪಕ್ಕದ ಸ್ಟೂಲಿನಲ್ಲಿ ಕೂತಳು. ಅರ್ಧ ಗಂಟೆ ಕಳೆಯಿತು. ಬಟ್ಟೆ ಒಣಗಿಯೇ ಇತ್ತು.

‘ನೀವು ಇಗರ್ಜಿಯಿಂದ ಬಂದದ್ದಾ ಬಾಯಮ್ಮ?’ ಎಂದು ಕೇಳಿದಳು ತಾಯಿ. ‘ಪ್ರಾರ್ಥನೆ ಮಾಡಿ. ಯಾರ ದೇವರಾದ್ರೂ ಆಗ್ತದೆ.’

ಬಾಗಿಲಲ್ಲಿ ನಿಂತಿದ್ದ ಡಾಕ್ಟರರು ಫ್ಲಾವಿಯಾಳತ್ತ ನೋಡಿ ತಲೆಯಾಡಿಸಿದರು: ಹೇಳಬೇಡಿ. ಶೆಟ್ಟರ ಫೋನು ಬರದಿದ್ದರೂ ಶೆಟ್ಟರ ಬುದ್ಧಿ ಬಂದಿತ್ತು. ಹೇಳದಿದ್ದರೆ ಯಾರೂ ಕೇಳುವವರಿಲ್ಲ. ಭೇದಿಯಿಂದ ಹೋಯಿತು ಎನ್ನುತ್ತಾರೆ. ಬಡವರ ಮಕ್ಕಳ ಸಾವಿಗೆ ನಾವು ಇಟ್ಟುಕೊಂಡಿರುವ ಸಿದ್ಧ ಕಾರಣಗಳಿಗೆ ಲೆಕ್ಕವಿಲ್ಲ.

‘ನಾನು ಇಗರ್ಜಿಯಿಂದ ಅಲ್ಲ’ ಎಂದಳು ಫ್ಲಾವಿಯಾ. ‘ಅಲ್ಲಿ ಮೇಜಿನ ಮೇಲೆ ಯಂತ್ರ ಉಂಟಲ್ಲ, ಅದರೊಳಗಿನ ಲೆಕ್ಕ ನಮ್ಮದು. ತಪ್ಪು ಲೆಕ್ಕ ಕೊಟ್ಟಿದೆ. ನಾನು ನೋಡ್ಬೇಕಿತ್ತು. ನೋಡದೆ ಸಹಿ ಹಾಕಿದೆ.’

ಆಶಾಲತಾ ಬಟ್ಟೆಯಿಂದ ಕೈ ತೆಗೆಯಲಿಲ್ಲ. ಅವಳು ಕಿರುಚುತ್ತಾಳೆ, ಹೊಡೆಯುತ್ತಾಳೆ ಎಂದು ಫ್ಲಾವಿಯಾ ಕಾದಳು. ಹೊಡೆದಿದ್ದರೆ ಹಗುರಾಗುತ್ತಿತ್ತೋ ಏನೋ.

‘ಈ ಲೆಕ್ಕ ಇಲ್ಲಿ ಮಾತ್ರ ಇರೂದಾ?’

‘ಅಲ್ಲ. ಇನ್ನೂ ಐದು ಕಡೆ ಹೋಗಿದೆ. ಒಂದು ಈ ಸಮದನದು. ಉಳಿದ ನಾಲ್ಕೂ ಆಸ್ಪತ್ರೆಗೆ.’

‘ಅಲ್ಲಿಗೆ ಹೇಳಿದ್ದೀರಾ?’

ಫ್ಲಾವಿಯಾ ಇಲ್ಲವೆಂದು ತಲೆಯಾಡಿಸಿದಳು. ಹೇಳಿರಲಿಲ್ಲ. ಹೆದರಿಕೆಯಲ್ಲಿ ಅವಳು ತನಗೆ ಗೊತ್ತಿದ್ದ ಒಂದು ಆಸ್ಪತ್ರೆಯ ಕಡೆ ಓಡಿ ಬಂದಿದ್ದಳು, ಉಳಿದ ಆಸ್ಪತ್ರೆಗಳ ಮಕ್ಕಳು ಅವಳ ತಲೆಯಿಂದ ಬಿದ್ದೇ ಹೋಗಿದ್ದರು.

‘ಮತ್ತೆ ಇಲ್ಲಿ ಎಂತಕ್ಕೆ ಕೂತದ್ದು?’ ಎಂದಳು ತಾಯಿ. ‘ಎದ್ದು ಹೋಗಿ.’

ಬಜಪೆಯ ಅಂಚೆ ಕಚೇರಿಯಲ್ಲಿ ಶನಿವಾರದ ಕೌಂಟರ್ ಮುಚ್ಚಲು ಇಪ್ಪತ್ತು ನಿಮಿಷವಿತ್ತು. ಸಮದನನ್ನು ವಾರ್ಡಿನಲ್ಲೇ ಬಿಟ್ಟು ಅವಳು ನಡೆದೇ ಬಂದಿದ್ದಳು. ತಂತಿಯ ಫಾರಂ ಎಷ್ಟು ಅವಸರದಲ್ಲಿ ಬರೆದಳೆಂದರೆ, ಸಾವಿರಾರು ಹುಡುಗಿಯರಿಗೆ ಅಕ್ಷರ ಕಲಿಸಿದವಳ ಬರಹ ಓದಲಾಗದೆ ಗುಮಾಸ್ತ ಅಹ್ಮದ್ ಬಾವ ಫಾರಂ ವಾಪಸು ಕೊಟ್ಟ.

‘ಬಿಡಿಸಿ ಬರೀರಿ ಬಾಯಮ್ಮ. ಮಕ್ಕಳಿಗೆ ಎಂತ?’

‘ಮಕ್ಕಳಿಗೆ ಬಳಸಬೇಡಿ. ಹನ್ನೊಂದನೇ ಫ್ಲಾಪಿ ಮಕ್ಕಳಿಗೆ ಬಳಸಬೇಡಿ. ಹನಿಯ ಲೆಕ್ಕ ತಪ್ಪು.’

‘ಕೆಳಗೆ ಹೆಸರು? ಯಾರ ತಪ್ಪು ಅಂತ ಬರೀತೀರಾ?’

‘ನನ್ನದು ಅಂತ ಬರೀತೇನೆ. ಫ್ಲಾವಿಯಾ ಪಿಂಟೊ.’

ಎರಡು ತಂತಿ ಹೋದವು. ಮೂರನೆಯ ಫಾರಮಿನ ನಡುವಿನಲ್ಲಿ ಸ್ಕೂಟರಿನ ಸದ್ದು ಕೇಳಿತು. ಅವಳು ತಲೆ ಎತ್ತಲಿಲ್ಲ. ತಿರುಗಿ ಅವನ ಮುಖ ನೋಡುವ ಶಕ್ತಿ ಅವಳಲ್ಲಿ ಇರಲಿಲ್ಲ.

‘ಟೀಚರ್’ ಎಂದ ಸಮದ್ ಬಾಗಿಲಲ್ಲಿ ನಿಂತು, ಏದುಸಿರು ಬಿಡುತ್ತಾ. ‘ಬಟ್ಟೆ ಒದ್ದೆ ಆಯ್ತು. ಎರಡು ಸಲ. ಸಿಸ್ಟರ್ ಅಳ್ತಾ ಇದ್ದಾರೆ.’

ಅವಳ ಪೆನ್ನು ನಿಂತಿತು. ಕೌಂಟರಿನ ಮರದ ಅಂಚನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಗೋಡೆಯ ಗಡಿಯಾರದಲ್ಲಿ ಒಂಬತ್ತು ನಿಮಿಷ ಉಳಿದಿತ್ತು. ಉಳಿದ ಎರಡು ಊರುಗಳಲ್ಲಿ ಯಾವ ಮಗು ಯಾವ ಮಂಚದಲ್ಲಿ ಮಲಗಿದೆ, ಯಾವ ಸೆಟ್ ಹಾಕಿದ್ದಾರೆ, ಅವಳಿಗೆ ಗೊತ್ತಿರಲಿಲ್ಲ.

‘ಬಾವಾ, ಇನ್ನೊಂದು ಫಾರಂ ಕೊಡಿ’ ಎಂದಳು.