ಕೆಂಪು ಗ್ರಹದಲ್ಲಿ ಬರಿಗಾಲು

ನಾನು ನಿಂತಿದ್ದು ಜಾವಳಿಯ ಹತ್ತಿರದ ಒಂದು ಕಾಫಿ ಕಣದ ಅಂಚಿನಲ್ಲಿ, ಜನವರಿಯ ಒಂದು ಬೆಳಿಗ್ಗೆ, ಹತ್ತೂಕಾಲಿಗೆ. ಕಣದ ತುಂಬ ಆಗಷ್ಟೇ ಹರವಿದ ಕೆಂಪು ಹಣ್ಣು. ಆಲ್ದೂರಿನ ಕಲಾವಿದೆ ಶಬಾನಾ ಗೋಡೆಗೆ ಒರಗಿಸಿದ್ದ ಚಿತ್ರದಲ್ಲಿ ಅದೇ ಕಣ ಒಂದು ಕೆಂಪು ಗ್ರಹವಾಗಿತ್ತು. ಮೇಲೆ ಕಪ್ಪು ಆಕಾಶ, ಎರಡು ಚಂದ್ರ. ಗಗನಯಾತ್ರಿಯ ದಿರಿಸು, ಬೂಟು ತೊಟ್ಟ ಹೆಂಗಸೊಬ್ಬಳು ಒಣಗಲೆಂದು ಹಲಗೆಯಿಂದ ಹಣ್ಣು ಎಳೆದು ಹರವುತ್ತಿದ್ದಳು. ಚಿತ್ರ ಅಂದು ಮಧ್ಯಾಹ್ನವೇ ಚಿಕ್ಕಮಗಳೂರಿನ ಪ್ರದರ್ಶನಕ್ಕೆ ಹೊರಡಬೇಕಿತ್ತು. ಆದರೆ ಕಣದ ಕೆಲಸದ ಗಿರಿಜಕ್ಕ ಒಪ್ಪದೆ ಕಳಿಸುವುದಿಲ್ಲವೆಂದು ಶಬಾನಾ ಮಾತು ಕೊಟ್ಟಿದ್ದಳು.

"ಯಾರೇ ಇದು?" ಎಂದರು ಗಿರಿಜಕ್ಕ.

"ನೀವೇ ಅಕ್ಕಾ."

"ನಾನಲ್ಲ ಮಾರಾಯ್ತಿ. ಬೂಟು ಹಾಕ್ಕಂಡು ನಾನ್ಯಾವತ್ತು ಕಣಕ್ಕೆ ಇಳಿದಿದೀನಿ?"

"ಅಲ್ಲಿ ಗಾಳಿನೇ ಇಲ್ಲ ಅಕ್ಕಾ. ಬರಿಗಾಲಲ್ಲಿ ನಿಂತ್ರೆ ಸತ್ತೇ ಹೋಗ್ತಾರೆ."

"ಗಾಳಿ ಇಲ್ದಿದ್ರೆ ಹಣ್ಣು ಹೆಂಗೆ ಒಣಗುತ್ತೆ? ಕಣ ಅಂದ್ಮೇಲೆ ಕಣ. ಮೆಟ್ಟು ಹೊರಗೆ ಬಿಡ್ಬೇಕು."

ಶಬಾನಾ ಕುಂಚ ತೆಗೆದುಕೊಂಡು ಬೂಟುಗಳನ್ನು ಅಳಿಸಿದಳು. ಗಿರಿಜಕ್ಕನ ಪಾದ ನೋಡುತ್ತಾ ಎರಡು ಪಾದ ಬರೆದಳು, ಹಿಮ್ಮಡಿಯ ಬಿರುಕು ಸಹಿತ. ಬೂಟುಗಳನ್ನು ಗ್ರಹದ ಅಂಚಿನಲ್ಲಿ ಜೋಡಿಯಾಗಿ ಬಿಡಿಸಿದಳು.

ತಲೆಗೆ ಗಾಜಿನ ಗೋಳ, ಮೈಗೆ ದಪ್ಪ ದಿರಿಸು, ಕೆಳಗೆ ಆ ಪಾದಗಳು. ಗಾಳಿಯೇ ಇಲ್ಲದ ನೆಲದ ಮೇಲೆ ಅವು ನಿರಾಳವಾಗಿ ಊರಿದ್ದವು.

ಗಿರಿಜಕ್ಕ ಬಗ್ಗಿ ನೋಡಿದರು. "ಹ್ಞೂ, ಇದು ನಾನು. ಕಳಿಸು," ಎಂದು ಹಣ್ಣು ಎಳೆಯಲು ಹೋದರು.

ನನ್ನ ಜೊತೆ ಇದನ್ನು ಕಂಡವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರಮೇಶಣ್ಣ. ಅವರು ಈಗಲೂ ಜಾವಳಿಯಲ್ಲೇ ಇದ್ದಾರೆ, ಕೇಳಬಹುದು.