ಆಟಿಯಲ್ಲಿ ಬಿಟ್ಟ ಮಾತ್ರೆಗಳು

ಕ್ಷಯದ ಜ್ವರ ಸಂಜೆಯಾಗುತ್ತಲೇ ಬರುತ್ತಿತ್ತು. ಹೆಚ್ಚೇನೂ ಅಲ್ಲ, ಮೈ ಬೆಚ್ಚಗಾಗಿ ಕಣ್ಣು ಅರೆಮುಚ್ಚುವಷ್ಟು. ನೆಟ್ಟಣದ ನಿಲ್ದಾಣ ಬಿಟ್ಟ ರೈಲು ಘಾಟಿ ಹತ್ತಲು ಏದುಸಿರು ಬಿಡುವುದು ನಮ್ಮ ಹಿಂದಿನ ಕೋಣೆಗೆ ಕೇಳುತ್ತದೆ. ಆ ದಿನಗಳಲ್ಲಿ ಅದು ನನ್ನ ಮಂಚವನ್ನೂ ಕಟ್ಟಿಕೊಂಡು ಹೋಗುತ್ತಿದೆ ಅನಿಸುತ್ತಿತ್ತು. ಹೊಲಿಗೆ ಯಂತ್ರ, ಅರ್ಧ ಹೊಲಿದ ರವಿಕೆಗಳು, ಗೋಡೆಯ ಕ್ಯಾಲೆಂಡರು ಎಲ್ಲವೂ ನನ್ನ ಜೊತೆ ನಿಧಾನವಾಗಿ ಮೇಲೇರುತ್ತಿದ್ದವು. ಕೆಳಗೆ ಉಳಿಯುತ್ತಿದ್ದವಳು ಮಗಳೊಬ್ಬಳೇ. ನಾಲ್ಕು ವರ್ಷದವಳು, ಅತ್ತೆಯ ಜೊತೆ ಮುಂದಿನ ಕೋಣೆಯಲ್ಲಿ ಮಲಗುತ್ತಿದ್ದಳು.

ನನಗೆ ಬೇಕಾಗಿದ್ದುದು ಒಂದೇ, ಅವಳನ್ನು ಮತ್ತೆ ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು. ಸರಕಾರಿ ಆಸ್ಪತ್ರೆಯಲ್ಲಿ ಕಫ ನೋಡಿ ಕಾಯಿಲೆ ಪತ್ತೆಹಚ್ಚಿದ ಮೇಲೆ ಮನೆಯವರನ್ನೆಲ್ಲ ಕರೆಸಿ ಪರೀಕ್ಷಿಸಿದ್ದರು. ಮಗಳಿಗೆ ರೋಗವಿರಲಿಲ್ಲ. ಬಾರದ ಹಾಗೆ ಅವಳಿಗೂ ಮಾತ್ರೆ ಕೊಟ್ಟರು. ನಾನು ಎರಡು ತಿಂಗಳು ಮದ್ದು ತೆಗೆದುಕೊಂಡು ಇನ್ನೊಮ್ಮೆ ಕಫ ಕೊಡಬೇಕು, ಅದರಲ್ಲಿ ರೋಗಾಣು ಕಾಣದಿದ್ದರೆ ಮಗಳು ಹತ್ತಿರ ಮಲಗಬಹುದು ಎಂದಿದ್ದರು.

ದಿನಾ ಬೆಳಿಗ್ಗೆ ನಮ್ಮೂರಿನ ಆಶಾ ಕಾರ್ಯಕರ್ತೆ ಬರುತ್ತಿದ್ದರು. ಅವರನ್ನು ಅಕ್ಕ ಎಂದೇ ಕರೆಯುವುದು ನಾನು. ಮಾತ್ರೆ ಕೊಟ್ಟು ಹೋಗುವ ಪೈಕಿಯಲ್ಲ ಅವರು. ಎದುರು ಕೂತು ನುಂಗಿಸಿ, "ಬಾಯಿ ತೆಗಿ, ನೋಡುವ" ಎನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೂವತ್ತು ದಾಟಿದ ಹೆಂಗಸು ಬಾಯಿ ತೆರೆದು ತೋರಿಸುವುದೆಂದರೆ! ಆದರೂ ತೋರಿಸುತ್ತಿದ್ದೆ.

ಆಟಿ, ಅಂದರೆ ನಮ್ಮ ತುಳುವರ ಜಡಿಮಳೆಯ ತಿಂಗಳು, ಅದರ ಅಮಾವಾಸ್ಯೆ ಬಂತು. ಬೆಳಕು ಹರಿಯುವ ಮೊದಲೇ ಗಂಡ ಪಾಲೆ ಮರದ ತೊಗಟೆಯನ್ನು ಕಲ್ಲಿನಲ್ಲೇ ಜಜ್ಜಿ ತಂದರು, ಅದಕ್ಕೆ ಕತ್ತಿ ತಾಗಿಸಬಾರದು. ಅತ್ತೆ ಬೆಳ್ಳುಳ್ಳಿ, ಕರಿಮೆಣಸು ಹಾಕಿ ಕಷಾಯ ಮಾಡಿದರು. ವರ್ಷದ ರೋಗವನ್ನೆಲ್ಲ ಅದು ಕಳೆಯುತ್ತದೆಂದು ನಮ್ಮ ಕಡೆ ಎಲ್ಲರೂ ಕುಡಿಯುತ್ತಾರೆ.

"ಇದು ಹೊಟ್ಟೆಯಲ್ಲಿರುವಾಗ ಬೇರೆ ಮದ್ದು ತಿನ್ನುದು ಬೇಡ. ಒಂದಕ್ಕೊಂದು ಆಗಿ ಬರುದಿಲ್ಲ. ಮೂರು ದಿನ ಬಿಡು" ಎಂದರು ಅತ್ತೆ.

ಅಕ್ಕ ಆಗ ಡೆಂಗ್ಯೂ ಸಮೀಕ್ಷೆಗೆಂದು ಮನೆ ಮನೆ ಸುತ್ತುತ್ತಿದ್ದರು. ನನ್ನನ್ನು ನಂಬಿ ಮಾತ್ರೆಗಳನ್ನು ನನ್ನ ಕೈಗೇ ಕೊಟ್ಟಿದ್ದರು. ಅತ್ತೆಯ ಮೇಲೆ ತಪ್ಪು ಹೊರಿಸಲಾರೆ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು, ಬಿಡಲು ನನಗೊಂದು ನೆಪ ಬೇಕಿತ್ತು. ಮೂರು ದಿನ ಒಂಬತ್ತಾಯಿತು. ಆಹಾ, ಎಂಥ ಹಗುರ! ಮೆಂತೆ ಗಂಜಿ ರುಚಿಸಿತು, ನೆಲಕ್ಕೆ ಕಾಲು ತಾಗುತ್ತಿದೆಯೋ ಇಲ್ಲವೋ ಅನ್ನುವಂತೆ ಮನೆಯೊಳಗೆ ಓಡಾಡಿದೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು, ಮಲಗಿದ್ದ ಮಗಳನ್ನು ನೋಡುತ್ತಾ, ಇನ್ನು ಎರಡು ಹೆಜ್ಜೆ ಅಷ್ಟೇ ಎಂದುಕೊಂಡೆ. ಆಗ ಕೆಮ್ಮು ಬಂತು.

ಮರುದಿನ ಅಕ್ಕ ಬಂದವರೇ ಮಾತ್ರೆಯ ಹಾಳೆ ತಿರುಗಿಸಿ ನೋಡಿದರು. "ಇದೆಂತ, ಇಷ್ಟು ಉಳಿದದ್ದು?"

"ನಾಲ್ಕು ದಿನ ಬಿಟ್ಟರೆ ಎಂತ ಆಗುದು? ನನ್ನ ಹೊಟ್ಟೆ, ನನ್ನ ಮಾತ್ರೆ!" ಎಂದು ರೇಗಿದೆ. ಆಮೇಲೆ ಕಷಾಯದ ವಿಷಯ ಬಾಯಿಬಿಟ್ಟೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. "ಕಷಾಯ ನಾನೂ ಕುಡಿದಿದ್ದೇನೆ ಮಾರಾಯ್ತಿ. ಅದು ಅದರ ಪಾಡಿಗೆ, ಮಾತ್ರೆ ಅದರ ಪಾಡಿಗೆ. ಅರ್ಧದಲ್ಲಿ ಬಿಟ್ಟರೆ ಆ ರೋಗಕ್ಕೆ ಈ ಮದ್ದಿನ ಹೆದರಿಕೆ ಹೋಗ್ತದೆ. ಮತ್ತೆ ಬೇರೆ ಮದ್ದು, ಇನ್ನೂ ಉದ್ದಕ್ಕೆ. ಅಷ್ಟು ಸಮಯ ಮಗಳು ಆಚೆ ಕೋಣೆಯಲ್ಲೇ."

ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರು. ಬಿಟ್ಟ ದಿನಗಳನ್ನೂ ಸೇರಿಸಿ ಮದ್ದು ಮುಂದುವರಿಸಬೇಕು, ಕಫ ಪರೀಕ್ಷೆಯೂ ಅಷ್ಟೇ ಮುಂದಕ್ಕೆ ಹೋಗುತ್ತದೆ ಎಂದರಂತೆ. ನನಗೆ ಅಳು ಬಂತು. ಮಗಳನ್ನು ನಾನೇ ನನ್ನ ಕೈಯಾರೆ ದೂರ ತಳ್ಳಿದ್ದೆ. ಅತ್ತೆ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮರುದಿನದಿಂದ ಅಕ್ಕನಿಗಿಂತ ಮೊದಲೇ ನೀರು ಹಿಡಿದು ನಿಂತು, "ಬಾಯಿ ತೆಗಿ" ಎನ್ನತೊಡಗಿದರು.

ಕಫ ಕೊಟ್ಟು ಬಂದು ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ಅಕ್ಕ ಗೇಟಿನಿಂದಲೇ ಕೂಗಿದರು. "ಕಫದಲ್ಲಿ ಎಂತದೂ ಇಲ್ಲ! ಮದ್ದು ಮಾತ್ರ ಬಿಡ್ಲಿಕ್ಕಿಲ್ಲ, ಇನ್ನೂ ತಿಂಗಳುಗಟ್ಟಲೆ ಉಂಟು."

ಅಂದು ಊಟವಾದ ಮೇಲೆ ಮಗಳು ತನ್ನ ತಲೆದಿಂಬು ಎತ್ತಿಕೊಂಡು ಬಂದಳು. ನನ್ನ ಮುಖ ನೋಡಲಿಲ್ಲ. ಮಂಚ ಹತ್ತಿ, ನನಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಮಲಗಿದಳು. ಇಷ್ಟು ದಿನದಲ್ಲಿ ನನ್ನನ್ನು ಮರೆತೇಬಿಟ್ಟಳೇ? ಮುಟ್ಟಲೂ ಹೆದರಿ ಸುಮ್ಮನೆ ಮಲಗಿದ್ದೆ. ತುಂಬ ಹೊತ್ತಿನ ಮೇಲೆ ಗೋಡೆಯ ಕಡೆಯಿಂದ ಸಣ್ಣ ದನಿ ಬಂತು.

"ಅಮ್ಮಾ, ಈಗ ಈಚೆ ತಿರುಗಬಹುದಾ?"

ಅವಳು ಬಾಗಿಲಿಗೆ ಬಂದಾಗಲೆಲ್ಲ, ನನ್ನ ಕೆಮ್ಮು ತಾಗೀತೆಂದು, ಆಚೆ ತಿರುಗು, ಆಚೆ ತಿರುಗು ಎಂದು ಗದರಿಸಿದವಳು ನಾನೇ. ಅವಳ ಹೆಗಲು ಹಿಡಿದು ನಾನೇ ತಿರುಗಿಸಿಕೊಂಡೆ.