ಖಾಲಿ ಮೈದಾನದ ಆಟ ಮತ್ತು ಅಣ್ಣನ ಫೋನು

ಲಾಕ್‌ಡೌನಿನ ಆ ಬೇಸಿಗೆಯಲ್ಲಿ ಜರ್ಮನಿಯವರು ಫುಟ್‌ಬಾಲ್ ಮತ್ತೆ ಶುರು ಮಾಡುತ್ತಾರೆ ಎಂಬ ಸುದ್ದಿಯನ್ನು ನನಗೆ ಮೊದಲು ಹೇಳಿದವನು ನಮ್ಮ ಅಣ್ಣ. ಹೇಳಿದ ಧಾಟಿಯಲ್ಲಿ ಖುಷಿ ಇರಲಿಲ್ಲ.

"ಶನಿವಾರ ಸಂಜಿಗೆ ಆಟ ಅದ ಅಂತ. ನೋಡಾಕ ಮಂದಿ ಯಾರೂ ಇರಂಗಿಲ್ಲಂತ. ಇದರಾಗ ಏನೋ ಮಸಲತ್ತು ಅದ ತಂಗಿ," ಎಂದ.

ನಾವಿಬ್ಬರೂ ಮಾನ್ವಿಯಲ್ಲಿ ಬೆಳೆದವರು. ನಾವಿದ್ದ ಬಾಡಿಗೆ ಮನೆಯ ಹಿಂದೆ ಒಂದು ಬಯಲಿತ್ತು. ಊರೆಲ್ಲ ಕ್ರಿಕೆಟ್ ಆಡುವಾಗ ಅಲ್ಲಿ ಮಾತ್ರ ಫುಟ್‌ಬಾಲ್ ನಡೆಯುತ್ತಿತ್ತು. ಅಣ್ಣ ಗೋಲ್‌ಕೀಪರ್. ಜಾಲಿ ಕಂಟಿಯೊಳಗೆ ಹೋದ ಚೆಂಡನ್ನು ತಂದುಕೊಡುವ ಕೆಲಸ ನನ್ನದು. ಹಾಗೆ ತಂದು ತಂದು ನನಗೂ ಆಟದ ಹುಚ್ಚು ಹತ್ತಿತು. ಮುಂದೆ ಅವನು ದೇವದುರ್ಗದ ಹತ್ತಿರ ಒಂದು ಸರ್ಕಾರಿ ಶಾಲೆಯ ಮಾಸ್ತರನಾದ. ನಾನು ರಾಯಚೂರಿನಲ್ಲಿ, ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡೆ. ಅವ್ವ ನನ್ನ ಜೊತೆಗಿದ್ದಳು. ಮನೆ ಬೇರೆಯಾದರೂ ದೊಡ್ಡ ಪಂದ್ಯವಿದ್ದಾಗ ಫೋನ್ ಹಚ್ಚಿಕೊಂಡು ಇಬ್ಬರೂ ಒಟ್ಟಿಗೆ ನೋಡುವ ರೂಢಿ ಇತ್ತು.

ಆ ಬೇಸಿಗೆ ಅಂಗಡಿಗೆ ಬೀಗ ಬಿದ್ದು ನಾನು ಮನೆಯಲ್ಲೇ ಮಾಸ್ಕ್ ಹೊಲಿಯುತ್ತಿದ್ದೆ. ಅಣ್ಣನಿಗೆ ದೇವದುರ್ಗದ ಒಂದು ಹಾಸ್ಟೆಲಿನಲ್ಲಿ ಡ್ಯೂಟಿ ಹಾಕಿದ್ದರು. ದುಡಿಯಲು ಮುಂಬೈ, ಪುಣೆಗೆ ಹೋದ ಮಂದಿ ಬಸ್ಸುಗಳಲ್ಲಿ ವಾಪಸು ಬರುತ್ತಿದ್ದರು. ಅವರನ್ನು ಊರೊಳಗೆ ಬಿಡದೆ ಅಲ್ಲಿ ಇರಿಸುತ್ತಿದ್ದರು. ಅವರಿಗೆ ಊಟ ನೀರು ನೋಡುವುದು, ಕೆಮ್ಮಿದವರ ಹೆಸರು ಡಾಕ್ಟರಿಗೆ ಹೇಳುವುದು ಅವನ ಕೆಲಸ.

ಶನಿವಾರ ಸಂಜೆ ಟಿವಿ ಹಚ್ಚಿ, ಫೋನನ್ನು ಸ್ಪೀಕರಿಗೆ ಹಾಕಿ ಕುಳಿತೆ. ಅಷ್ಟು ದೊಡ್ಡ ಮೈದಾನದ ಸುತ್ತ ಒಂದು ನರಪಿಳ್ಳೆ ಇಲ್ಲ. ಚೆಂಡು ಒದ್ದ ಸಪ್ಪಳ, ಆಟಗಾರರು ಒಬ್ಬರನ್ನೊಬ್ಬರು ಕೂಗುವುದು, ಎಲ್ಲ ಕೇಳುತ್ತಿತ್ತು. ಬೇರೆಯವರ ಮನೆಯ ಜಗಳವನ್ನು ಕಿಟಕಿಯಿಂದ ಕೇಳಿಸಿಕೊಂಡ ಹಾಗೆ ನನಗೆ ಮುಜುಗರವಾಯಿತು.

ಒಬ್ಬ ಗೋಲು ಹೊಡೆದ. ಅವನ ಗೆಳೆಯರು ಮೈ ಸೋಕದಂತೆ ನಿಂತು ಮೊಣಕೈ ಮಾತ್ರ ತಾಗಿಸಿದರು.

"ನೋಡಿದೇನು?" ಎಂದ ಅಣ್ಣ. "ಗೋಲ್ ಹೊಡದ ಮ್ಯಾಲ ಅಪ್ಪಿಕೋಬಾರದಂತ. ಅದೇ ಕಾರ್ನರ್ ಹೊಡಿಯೋವಾಗ ಅಂಗಿ ಹಿಡದು ಜಗ್ಗಬಹುದಂತ. ಯಾರಿಗೆ ತೋರಸಾಕ ಇದು?"

ಅವ್ವ ಟಿವಿಯ ಕಡೆ ನೋಡಿ, "ಇದು ಹಳೇದಿರಬೇಕು ಬಿಡ್ರಿ. ಈಗ ಯಾರು ಆಡ್ತಾರ?" ಎಂದಳು. ನಾವು ನಕ್ಕೆವು. ಆದರೂ ಮೂಲೆಯಲ್ಲಿದ್ದ 'ಲೈವ್' ಎಂಬ ಅಕ್ಷರವನ್ನು ನಾನು ಮತ್ತೊಮ್ಮೆ ನೋಡಿದೆ.

ಆಟ ಮುಗಿದ ಮೇಲೆ ಅಣ್ಣ ಒಂದು ಮಾತು ಹೇಳಿದ. ಹಾಸ್ಟೆಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಅವನನ್ನು ಕೇಳಿದಳಂತೆ: "ಸರ, ಆಟ ಶುರು ಆಗ್ಯಾವಂತಲ್ರಿ, ಅಂದ್ರ ರೋಗ ಹೋತೇನ್ರಿ? ನಮ್ಮನ್ನ ಊರಿಗೆ ಬಿಡ್ತಾರೇನ್ರಿ?" ಅಷ್ಟು ಹೇಳಿದವನು, "ಇನ್ನ ನಾ ನೋಡಂಗಿಲ್ಲ," ಎಂದು ಫೋನ್ ಇಟ್ಟ. ನನಗೂ ಬೇಡವೆನಿಸಿತು. ಆದರೆ ಮುಂದಿನ ಶನಿವಾರ ಬರುವುದನ್ನೇ ಕಾಯುತ್ತಿದ್ದೆ ಎನ್ನುವುದೂ ಸುಳ್ಳಲ್ಲ.

ಮುಂದಿನ ಶನಿವಾರ ಅವನೇ ಫೋನ್ ಮಾಡಿದ. "ಇಲ್ಲಿ ಕರೆಂಟ್ ಹೋಗ್ಯದ. ಏನಾಗಾಕತ್ತದ ನೀ ಹೇಳು," ಎಂದ. ನಾನು ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತಾ ಹೋದೆ. ಗೋಲ್‌ಕೀಪರ್ ತಪ್ಪು ಮಾಡಿದರೆ ಮೈಮೇಲೆ ಬಂದವರಂತೆ ಬೈಯುವ ಮನುಷ್ಯ ಬರೀ 'ಹೂಂ' ಎನ್ನುತ್ತಿದ್ದ. ನಡುನಡುವೆ ಅವನ ಕಡೆಯ ಸಪ್ಪಳ ಪೂರ್ತಿ ನಿಂತುಹೋಗುತ್ತಿತ್ತು.

"ಯಣ್ಣಾ, ಅದೀಯೇನು?"

"ಅದೀನಿ. ಹೇಳು."

ಅದರ ಮುಂದಿನ ವಾರವೂ ಕರೆಂಟ್ ಹೋಗಿತ್ತು. ನನಗೆ ಅನುಮಾನ ಶುರುವಾದದ್ದು ಅಲ್ಲಿಂದ. ಮಳೆಯಿಲ್ಲ, ಗಾಳಿಯಿಲ್ಲ, ಶನಿವಾರ ಸಂಜೆಯೇ ಯಾಕೆ ಹೋಗಬೇಕು? ಅಂದು ಟಿವಿಯವರು ಖಾಲಿ ಮೈದಾನಕ್ಕೆ ಜನರ ಗದ್ದಲವನ್ನು ಜೋಡಿಸಿದ್ದರು. ಎಂದೋ ಹಿಡಿದಿಟ್ಟ ಕೂಗು ಸರಿಯಾದ ಹೊತ್ತಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಅಣ್ಣನಿಗೆ ಹೇಳಿದೆ.

"ಖರೇ ಅನಸ್ತದೇನು?" ಎಂದು ಕೇಳಿದ.

"ಅನಸ್ತದ. ಅದಕ ಸಿಟ್ಟು ಬರಾಕತ್ತದ."

ಅಷ್ಟರಲ್ಲಿ ನಮ್ಮ ಓಣಿಯ ಹಿಂದೆ ಕಲ್ಲಿದ್ದಲಿನ ಗೂಡ್ಸ್ ಗಾಡಿ ಉದ್ದಕ್ಕೆ ಸೀಟಿ ಹೊಡೆಯಿತು. ಅದೇ ಸೀಟಿ ಫೋನಿನಲ್ಲೂ ಕೇಳಿತು. ದೇವದುರ್ಗಕ್ಕೆ ರೈಲೇ ಇಲ್ಲ.

"ಯಣ್ಣಾ, ನಿನ್ನ ಕಡೆ ರೈಲಿನ ಸಪ್ಪಳ ಬಂತಲ್ಲ?"

"ನಿಂದೇ ಸಪ್ಪಳ ನನಗ ಕೇಳಿ ತಿರುಗಿ ನಿನಗ ಬಂದಿರಬೇಕು," ಎಂದ. ಒಪ್ಪಬಹುದಾದ ಮಾತೇ. ಆದರೆ ಅಷ್ಟು ಹೇಳಿದವನೇ, ಆಟ ಮುಗಿಯುವ ಮೊದಲೇ ಫೋನ್ ಇಟ್ಟ.

ಮರುದಿನ ಅತ್ತಿಗೆಗೆ ಫೋನ್ ಮಾಡಿದೆ. ಅಣ್ಣ ಎಲ್ಲಿ ಎಂದು ಕೇಳುವ ಮೊದಲೇ, "ಡ್ಯೂಟಿ ಮ್ಯಾಲ ಅದಾರ, ಆರಾಮ ಅದಾರ," ಎಂದಳು. ಕೇಳದೆ ಬಂದ ಆ 'ಆರಾಮ' ನನ್ನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು. ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ, ಕಟ್ ಮಾಡಿದ. ಅವ್ವ ಸ್ನಾನಕ್ಕೆ ಹೋದದ್ದು ನೋಡಿಕೊಂಡು ಮತ್ತೆ ಮಾಡಿದೆ.

"ನೀ ರಾಯಚೂರಿನ್ಯಾಗ ಅದಿ," ಎಂದೆ.

"ಅವ್ವಗ ಹೇಳಬ್ಯಾಡ," ಎಂದ.

ಹಾಸ್ಟೆಲಿನಲ್ಲೇ ಅವನಿಗೆ ರೋಗ ಹತ್ತಿತ್ತು. ಪಾಸಿಟಿವ್ ಬಂದವರನ್ನು ಆಗ ರಾಯಚೂರಿಗೆ ತರುತ್ತಿದ್ದರು. ನಮ್ಮ ಮನೆಗೆ ನಡೆದು ಬರುವಷ್ಟು ದೂರದ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿಕೊಂಡು ಅವನು ದೇವದುರ್ಗದ ಕರೆಂಟಿನ ಸುಳ್ಳು ಹೇಳುತ್ತಿದ್ದ. ಸಪ್ಪಳ ನಿಂತಾಗೆಲ್ಲ ಅವನು ಫೋನ್ ಮ್ಯೂಟ್ ಮಾಡಿ ಏದುಸಿರು ಬಿಡುತ್ತಿದ್ದನಂತೆ.

ನನಗೆ ಅಳು ಬರಲಿಲ್ಲ, ರೇಗಿತು. "ಉಸುರು ಸಾಲವಲ್ದು ಅಂತಿ, ಆಟ ಬೇಕೇನು ನಿನಗ?"

"ಆ ಹಾಳ ಆಟ ಶುರು ಆಗದಿದ್ರ ಏನಂತ ಹೇಳಿ ನಿನಗ ಫೋನ್ ಹಚ್ಚಬೇಕಿತ್ತು?" ಎಂದ. "ಇಲ್ಲಿ ಎಲ್ಲಾರೂ ಆಕ್ಸಿಜನ್ ಮಾತೇ ಆಡ್ತಾರ. ನೀ ಒಬ್ಬಾಕಿ ಚೆಂಡಿನ ಮಾತು ಆಡ್ತಿದ್ದಿ."

ಅಂದೇ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಕಟ್ಟಿಕೊಂಡು ಹೋದೆ. ಗೇಟಿನಲ್ಲೇ ಇಸಿದುಕೊಂಡರು. ಮೇಲಿನ ಕಿಟಕಿಯಲ್ಲಿ ಮಾಸ್ಕ್ ಹಾಕಿದ ಒಬ್ಬ ಮನುಷ್ಯ ಕೈ ಬೀಸುತ್ತಿದ್ದ. ಮಾಸ್ಕಿನಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಿದ್ದರು. ಅವನೇ ಎಂದು ನಂಬಲು ನನ್ನ ಮನಸ್ಸು ತಯಾರಿರಲಿಲ್ಲ. ಫೋನಿನಲ್ಲಿ, "ಎಡಗೈ ಎತ್ತು," ಎಂದೆ. ಕಿಟಕಿಯವನು ಎಡಗೈ ಎತ್ತಿದ. "ಈಗ ಇಳಸು." ಇಳಿಸಿದ. ಆಮೇಲೆ ಅಲ್ಲೇ ಕಾಂಪೌಂಡಿಗೆ ಒರಗಿ ನಿಂತು ಅತ್ತೆ.

ಅಣ್ಣ ಗುಣವಾಗಿ ಊರಿಗೆ ಹೋದ. ಅವ್ವನಿಗೆ ಆಮೇಲೆ ಹೇಳಿದೆವು. ಅವಳು ಎಷ್ಟೋ ದಿನ ನಮ್ಮಿಬ್ಬರ ಮಾತನ್ನೂ ನಂಬಲಿಲ್ಲ. ಊಟವಾಯಿತು ಎಂದರೂ ತಾಟು ನೋಡುತ್ತಿದ್ದಳು. ದೇವದುರ್ಗದಲ್ಲಿ ಹಾಲಿನಾಕೆ ಅಣ್ಣನ ಮನೆಯ ಕಟ್ಟೆಯ ಮೇಲೆ ಹಾಲಿಟ್ಟು, ದೂರ ಸರಿದು ಕೂಗುತ್ತಿದ್ದಳಂತೆ.

ಚಳಿಗಾಲಕ್ಕೆ ಮಾನ್ವಿಯ ಬಯಲಿನಲ್ಲಿ ಹಳೆಯ ಗೆಳೆಯರು ಮತ್ತೆ ಆಟ ಶುರು ಮಾಡಿದರು. ಅಣ್ಣನನ್ನೂ ಕರೆದರು. ನಾನೂ ಹೋದೆ. ಅವನು ಬೂಟು ಕಟ್ಟಿಕೊಂಡು ಎದ್ದಾಗ, ಟೀಮು ಕಟ್ಟಿದ್ದ ಅವನ ಹಳೆಯ ಗೆಳೆಯ ಅತ್ತಿತ್ತ ನೋಡಿ, "ಸರ, ಈ ಸಲ ನೀವು ನೋಡ್ರಿ ಸಾಕು. ಎದಿಗೆ ತ್ರಾಸ ಆದೀತು," ಎಂದ. ಜೊತೆಗೆ ಆಡಿದವನನ್ನು ಅವನು ಎಂದೂ 'ಸರ' ಎಂದು ಕರೆದವನಲ್ಲ.

"ನನ್ನ ಎದಿಗೋ, ನಿಮ್ಮ ಎದಿಗೋ?" ಎಂದು ಅಣ್ಣ ಕೇಳಿದ.

ಆ ಗೆಳೆಯ ಇನ್ನೊಬ್ಬನನ್ನು ಗೋಲಿಗೆ ಕಳಿಸಿದ. ಅಣ್ಣ ಬೂಟು ಬಿಚ್ಚಿ ನನ್ನ ಪಕ್ಕ ಕುಳಿತ. ಆಟ ಜೋರಾಗಿತ್ತು. ಅಷ್ಟು ತಿಂಗಳ ಮೇಲೆ ಧೂಳೆದ್ದದ್ದು ನೋಡಿ ನನಗೆ ಹಿಗ್ಗಾಯಿತು. ಆ ಹಿಗ್ಗಿನ ಮೇಲೆಯೇ ಸಿಟ್ಟು ಬಂತು. ಗೋಲಾದಾಗ ಅವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಅಪ್ಪಿಕೊಂಡರು. ಅಣ್ಣ ಚಪ್ಪಾಳೆ ತಟ್ಟಲೋ ಬೇಡವೋ ಎಂಬಂತೆ ಕೈ ಜೋಡಿಸಿಕೊಂಡು ಕೂತಿದ್ದವನು ಕೊನೆಗೆ ತಟ್ಟಿದ.

ಅವ್ವನನ್ನು ನೋಡಿ ಹೋಗಲು ಅವನೂ ನನ್ನ ಜೊತೆ ರಾಯಚೂರಿನ ಬಸ್ಸು ಹತ್ತಿದ.

"ಆಟ ಶುರು ಆಗಿದ್ದು ಛಲೋ ಆತೇನು?" ಎಂದು ಕೇಳಿದೆ.

"ಗೊತ್ತಿಲ್ಲ," ಎಂದ. "ಮುಂದಿನ ಐತವಾರನೂ ಬಾ ಅಂದಾರ."

"ಹೊಕ್ಕೀಯೇನು ಮತ್ತ?"

"ಹೊಕ್ಕೀನಿ. ಎಷ್ಟು ದಿನ ಕೂಡಸ್ತಾರ ನೋಡೂಣು."

ಕಲ್ಮಲದಲ್ಲಿ ಬಸ್ಸು ನಿಂತು ಒಂದಷ್ಟು ಮಂದಿ ಹತ್ತಿದರು. ನಮ್ಮ ಹಿಂದಿನ ಸೀಟಿನಲ್ಲಿ ಕುಳಿತ ಮುದುಕರೊಬ್ಬರು ಕೆಮ್ಮಿದರು. ಅಣ್ಣ, ನಾನು ಇಬ್ಬರೂ ಒಮ್ಮೆಲೇ ಹೊರಳಿ ನೋಡಿದೆವು. ಆ ಮುದುಕರು ಮುಖ ತಗ್ಗಿಸಿ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಅಣ್ಣ ಗಾಜು ಸರಿಸಿ ಕಿಟಕಿಯನ್ನು ಪೂರ್ತಿ ತೆರೆದ.